ಬಟನ್ನಿನ ವಿವರ ವಿಂಡೋ ಪುಟದಲ್ಲೇಕೆ?

ಪ್ರಶ್ನೆ: ಡಬ್ಲ್ಯೂಎಕ್ಸ್‌ವಿಜೆಟ್ಸ್ ಕೈಪಿಡಿಯಲ್ಲಿ ಬಟನ್ನಿನ ಬಹುಪಾಲು ಗುಣಗಳು ವಿಂಡೋ ವರ್ಗದ ಅಡಿಯಲ್ಲಿರುವುದೇಕೆ?

ಉತ್ತರ: 1992ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಮಾರ್ಟ್ ಆರಂಭಿಸಿದ ಡಬ್ಲ್ಯೂಎಕ್ಸ್‌ವಿಜೆಟ್ಸ್, ಒಂದೇ ಸಿ ಪ್ಲಸ್ ಪ್ಲಸ್ ಬರಹದಿಂದ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಆಯಾ ವ್ಯವಸ್ಥೆಯ ಸಹಜ ರೂಪದ ಬಟನ್, ಪಟ್ಟಿ, ಚೌಕಟ್ಟುಗಳನ್ನು ಮೂಡಿಸುವ ತಂತ್ರಾಂಶ ಸಂಗ್ರಹವಾಗಿದ್ದು, ಅದರಲ್ಲಿ ತೆರೆಯ ಮೇಲೆ ತಾನಾಗಿ ಕಾಣಿಸಿಕೊಳ್ಳುವ ಬಹುತೇಕ ಪ್ರತಿಯೊಂದು ಘಟಕವೂ ಡಬ್ಲ್ಯೂಎಕ್ಸ್‌ವಿಂಡೋ ಎಂಬ ಮೂಲವರ್ಗದಿಂದ, ಅಂದರೆ ತನ್ನ ಗುಣಗಳನ್ನು ಇತರ ವರ್ಗಗಳಿಗೆ ಬಳುವಳಿಯಾಗಿ ಕೊಡುವ ಮಾದರಿಯಿಂದ, ಹುಟ್ಟುತ್ತದೆ. ಗಾತ್ರ, ಸ್ಥಾನ, ಅಕ್ಷರಶೈಲಿ, ಕೀಲಿಮಣೆಯ ಒತ್ತುಗಳನ್ನು ಸ್ವೀಕರಿಸುವ ಅರ್ಹತೆ ಮೊದಲಾದವನ್ನು ಅಲ್ಲಿ ಒಮ್ಮೆ ವಿವರಿಸಿದರೆ ನೂರು ಕಡೆ ಮತ್ತೆ ಬರೆಯಬೇಕಾಗುವುದಿಲ್ಲ. ಘಟಕಗಳನ್ನು ಜೋಡಿಸಿಡುವ ಸೈಜರ್ ತಾನು ಕಾಣಿಸದ ಕಾರಣ ಈ ವಂಶಕ್ಕೆ ಸೇರದು.

ಆದರೆ ಇಂತಹ ಗುಣಗಳ ಹೆಸರುಗಳನ್ನು ಪಟ್ಟಿ ಮಾಡುವುದು ಸುಲಭದ ಭಾಗ. ವರ್ತನೆಯನ್ನು ವಿವರಿಸುವುದೇ ಕೈಪಿಡಿಕಾರರಿಗೆ ಕಠಿಣ. ತಾಯಿ ವಿಂಡೋ ಅಳಿಯುವಾಗ ತನ್ನೊಳಗಿನ ಮರಿ ವಿಂಡೋಗಳನ್ನು ತಾನೇ ಅಳಿಸುತ್ತದೆ ಎಂಬುದನ್ನೂ, ಹೊರ ಚೌಕಟ್ಟನ್ನು ನೇರವಾಗಿ ಅಳಿಸದೆ ಡಿಸ್ಟ್ರಾಯ್ ಎಂಬ ವಿಧಾನವನ್ನೇ ಕರೆಯಬೇಕು, ಇಲ್ಲವಾದರೆ ಬಾಕಿ ಉಳಿದ ಸಂದೇಶಗಳು ಇಲ್ಲದ ವಿಂಡೋವನ್ನು ತಲುಪಿ ಕ್ರಮವಿಧಿ ಕುಸಿಯಬಹುದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಹಿನ್ನೆಲೆಯ ಬಣ್ಣ ಬದಲಿಸುವ ಆಜ್ಞೆಯನ್ನು ಕೆಲವು ಸಹಜ ಘಟಕಗಳು ಲೆಕ್ಕಿಸದೆಯೂ ಇರಬಹುದಾದ್ದರಿಂದ, ಇಂತಹ ವಿನಾಯಿತಿಗಳನ್ನು ಬರೆದಿಡದ ಕೈಪಿಡಿ ಎಷ್ಟು ದಪ್ಪವಾಗಿದ್ದರೂ ಅಪೂರ್ಣವೇ.