ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ!

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಟ ಬಸ್ಸು. ಮೂವರು ಕೂರುವ ಸೀಟಿನ ಪಕ್ಕದಲ್ಲಿ ನಾಲ್ಕನೆಯವರೊಬ್ಬರು ಬಂದು ನಿಲ್ಲುತ್ತಾರೆ. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ’ ಎಂಬ ಮಾತು ಬೀಳುತ್ತದೆ. ಕೂತವರು ಒಬ್ಬರಿಗೊಬ್ಬರು ಒತ್ತಿಕೊಳ್ಳುತ್ತಾರೆ, ಗೇಣು ಜಾಗ ಹುಟ್ಟುತ್ತದೆ. ಪದದ ಅರ್ಥವೇನೆಂದು ಯಾರೂ ಕೇಳುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಅದು ಗೊತ್ತು. ಇದೇ ಮಾತನ್ನು ಲಂಡನ್ನಿನ ಬಸ್ಸಿನಲ್ಲಿ ಇಂಗ್ಲಿಷಿನಲ್ಲಿ ಆಡಿದರೆ, ಕೇಳಿದವನು ‘ಏನನ್ನು ಅಡ್ಜಸ್ಟ್ ಮಾಡಬೇಕು?’ ಎಂದು ಮರುಪ್ರಶ್ನೆ ಹಾಕಿಯಾನು.

ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಸಾಮಾನ್ಯವಾಗಿ ಒಂದು ವಸ್ತು ಬೇಕು. ಕಾರಿನ ಕನ್ನಡಿಯನ್ನು ಅಡ್ಜಸ್ಟ್ ಮಾಡಬಹುದು, ಗಡಿಯಾರದ ಮುಳ್ಳನ್ನು, ಕನ್ನಡಕವನ್ನು ಮಾಡಬಹುದು. ಲೆಕ್ಕಪತ್ರದಲ್ಲಿ ಕೊಟ್ಟ ಮುಂಗಡವನ್ನು ಬಿಲ್ಲಿಗೆ ವಜಾ ಹಾಕಬಹುದು. ವಸ್ತುವಿಲ್ಲದೆ ಬಂದಾಗ ಅದು ಹೊಸ ಊರಿಗೆ, ಹೊಸ ಹವೆಗೆ ನಿಧಾನವಾಗಿ ಒಗ್ಗಿಕೊಳ್ಳುವುದನ್ನು ಹೇಳುತ್ತದೆ. ಅಪರಿಚಿತರ ಮುಂದೆ ನಿಂತು ‘ನನಗೊಂದಿಷ್ಟು ಜಾಗ ಕೊಡಿ’ ಎಂದು ಕೇಳುವ ಅರ್ಥ ಅಲ್ಲಿ ಬಳಕೆಯಲ್ಲಿಲ್ಲ. ಅದು ನಮ್ಮ ನೆಲದಲ್ಲಿ ಬೆಳೆದ ಅರ್ಥ.

ಪದದ ಬೇರು ಹುಡುಕಿದರೆ ಒಂದು ಸೋಜಿಗ ಕಾದಿದೆ. ಇಂಗ್ಲಿಷಿಗೆ ಇದು ಫ್ರೆಂಚಿನಿಂದ ಬಂದದ್ದು. ಫ್ರೆಂಚಿಗೆ ಲ್ಯಾಟಿನ್ನಿನಿಂದ. ಅಲ್ಲಿ ‘ಯುಕ್ಸ್ತಾ’ ಎಂದರೆ ಪಕ್ಕದಲ್ಲಿ, ಹತ್ತಿರದಲ್ಲಿ. ಹತ್ತಿರಕ್ಕೆ ತರುವುದು, ಪಕ್ಕಕ್ಕೆ ಸೇರಿಸುವುದು, ಇದೇ ಮೂಲಾರ್ಥ. ಮುಂದೆ ಜನ ಅದನ್ನು ನ್ಯಾಯ, ಸರಿ ಎಂಬ ಅರ್ಥದ ‘ಯುಸ್ತುಸ್’ ಎಂಬ ಇನ್ನೊಂದು ಲ್ಯಾಟಿನ್ ಪದಕ್ಕೆ ತಪ್ಪಾಗಿ ಗಂಟು ಹಾಕಿದರು. ಹಾಗಾಗಿ ‘ಸರಿಪಡಿಸು’ ಎಂಬ ಅರ್ಥ ಮೇಲೆ ಬಂತು, ‘ಹತ್ತಿರ ತರು’ ಎಂಬುದು ಮರೆಯಿತು. ಮರೆತ ಆ ಅರ್ಥ ಸಾವಿರಾರು ಮೈಲಿ ಆಚೆ ಸಿರುಗುಪ್ಪದ ಬಸ್ಸಿನ ಸೀಟಿನ ಮೇಲೆ ತನ್ನಷ್ಟಕ್ಕೆ ಮತ್ತೆ ಜೀವ ತಳೆದಿದೆ. ಕನ್ನಡದ ‘ಹೊಂದು’ ಎಂಬ ಕ್ರಿಯಾಪದದಲ್ಲೂ ಸೇರು, ಕೂಡು ಎಂಬ ಅರ್ಥವಿದೆ. ‘ಹೊಂದಿಕೊಳ್ಳಿ’ ಎಂಬುದು ಇದಕ್ಕೆ ಸಹಜವಾದ ಕನ್ನಡ.

ಇಂಗ್ಲಿಷನ್ನು ಹೀಗೆ ತನ್ನದಾಗಿಸಿಕೊಳ್ಳುವುದು ಬಳ್ಳಾರಿಗೆ ಹೊಸತಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬ್ರೂಸ್ ಎಂಬ ಕಂಪನಿ ಅಧಿಕಾರಿಯ ಹೆಸರಿಗೆ ನಮ್ಮ ‘ಪೇಟೆ’ ಅಂಟಿಕೊಂಡು ಬ್ರೂಸ್‌ಪೇಟೆಯಾಯಿತು. ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ಇಲ್ಲಿ ನಡೆದಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಅವರ ನಂತರ ಬಂದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ. ಒಂದೊಂದು ಇಂಗ್ಲಿಷ್ ಕ್ರಿಯಾಪದಕ್ಕೂ ಕನ್ನಡದ ಜೋಡಿ ಹುಡುಕುವ ಶ್ರಮವನ್ನು ಅದಕ್ಕೂ ಏಳು ದಶಕ ಮೊದಲೇ ರೀವ್ ಪಟ್ಟಿದ್ದರು. ನಿಘಂಟುಕಾರ ಪದಕ್ಕೆ ಪದ ಕೊಟ್ಟ. ಪೇಟೆಯ ಜನ ಮಾತ್ರ ಇಂಗ್ಲಿಷ್ ಪದವನ್ನೇ ಎತ್ತಿಕೊಂಡು, ಅದರ ಬಾಲಕ್ಕೆ ಕನ್ನಡ ಕಟ್ಟಿದರು.

ಆ ಬಾಲದಲ್ಲೇ ಇರುವುದು ಗುಟ್ಟು. ಸಂಸ್ಕೃತದ ಧಾತುಗಳನ್ನು ಕನ್ನಡ ‘ಇಸು’ ಹಚ್ಚಿ ಒಳಗೆ ಕರೆದುಕೊಂಡಿತು: ಭಾವಿಸು, ಚಿಂತಿಸು, ರಕ್ಷಿಸು. ಹಿಂದೂಸ್ತಾನಿಯಿಂದ ಬಂದವು ನಿಭಾಯಿಸು, ಜಮಾಯಿಸು, ಅಜಮಾಯಿಸು ಎಂದಾದವು. ಇಂಗ್ಲಿಷಿನವಕ್ಕೆ ಈ ಮರ್ಯಾದೆ ಸಿಕ್ಕಿಲ್ಲ. ‘ಅಡ್ಜಸ್ಟಿಸು’ ಎಂದು ತಮಾಷೆಗಲ್ಲದೆ ಯಾರೂ ಹೇಳರು. ಅವು ಹೆಸರುಪದದಂತೆ ಸುಮ್ಮನೆ ನಿಲ್ಲುತ್ತವೆ. ದುಡಿಯುವುದು ಪಕ್ಕದಲ್ಲಿರುವ ಕನ್ನಡದ ಕ್ರಿಯಾಪದ. ‘ಅಡ್ಜಸ್ಟ್ ಮಾಡು’ ಎಂದರೆ ಒಂದು ವಸ್ತುವನ್ನೋ ಲೆಕ್ಕವನ್ನೋ ಸರಿಹೊಂದಿಸು. ‘ಅಡ್ಜಸ್ಟ್ ಆಯಿತು’ ಎಂದರೆ ಅದು ತಾನಾಗಿ ಒಗ್ಗಿತು. ‘ಅಡ್ಜಸ್ಟ್ ಮಾಡಿಕೋ’ ಎಂದರೆ ಸಂಗತಿಯೇ ಬೇರೆ: ಇರುವುದು ಬದಲಾಗದು, ನೀನೇ ಬದಲಾಗು, ಸಹಿಸಿಕೋ. ಒಂದೇ ಇಂಗ್ಲಿಷ್ ಪದ, ಮೂರು ಅರ್ಥ. ಮೂರನ್ನೂ ಬೇರ್ಪಡಿಸುವುದು ಕನ್ನಡ. ‘ಕೊಳ್ಳು’ ಎಂದರೆ ತೆಗೆದುಕೊಳ್ಳುವುದು. ಭಾರವನ್ನು ತನ್ನ ಮೇಲೆಯೇ ಎಳೆದುಕೊಳ್ಳುವ ಅರ್ಥ ಅಲ್ಲಿಂದ ಬರುತ್ತದೆ.

ಬಳ್ಳಾರಿಯ ಬಜಾರಿನಲ್ಲಿ ಇದನ್ನು ಮೂರು ಭಾಷೆಗಳಲ್ಲಿ ಕೇಳಬಹುದು. ತೆಲುಗಿನವರು ‘ಕೊಂಚೆಂ ಅಡ್ಜಸ್ಟ್ ಚೇಸುಕೋಂಡಿ’ ಎನ್ನುತ್ತಾರೆ. ಅಚ್ಚ ತೆಲುಗಿನಲ್ಲಾದರೆ ‘ಸರ್ದುಕೋಂಡಿ’. ಉರ್ದುವಿನಲ್ಲಿ ‘ಅಡ್ಜಸ್ಟ್ ಕರ್ ಲೀಜಿಯೇ’. ತೆಲುಗಿನ ‘ಕೋ’ ನಮ್ಮ ‘ಕೊಳ್ಳು’ವಿನ ಒಡಹುಟ್ಟು. ಉರ್ದುವಿನ ‘ಲೀಜಿಯೇ’ ಬೇರೆ ಕುಲದ್ದಾದರೂ ಅದರ ಅರ್ಥವೂ ತೆಗೆದುಕೊಳ್ಳಿ ಎಂದೇ. ಮೂರು ಭಾಷೆಗಳು ಒಂದು ಪರಕೀಯ ಪದವನ್ನು ಒಂದೇ ರೀತಿ ಪಳಗಿಸಿವೆ.

ಅಕ್ಕಪಕ್ಕ ಬಾಳುವ ಊರಿಗೆ ಇದು ಬರೀ ವ್ಯಾಕರಣದ ಮಾತಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪ, ಬಳ್ಳಾರಿ ಮೊದಲಾದವು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರಿಗೆ ಎಂಬ ವಾದ ಬಿಸಿಯಾಗಿಯೇ ನಡೆದಿತ್ತು. ಸರ್ಕಾರಗಳು ನಕಾಶೆಯ ಮೇಲೆ ಗೆರೆಯನ್ನು ಅಡ್ಜಸ್ಟ್ ಮಾಡಿದವು. ಗೆರೆಯ ಎರಡೂ ಬದಿ ನಂಟಸ್ತಿಕೆ, ಹೊಲ, ವ್ಯಾಪಾರ ಇದ್ದವರು ಅಡ್ಜಸ್ಟ್ ಮಾಡಿಕೊಂಡರು. ‘ಮಾಡು’ವಿಗೂ ‘ಮಾಡಿಕೋ’ಗೂ ಇರುವ ಅಂತರ ಇಷ್ಟು.

ಈ ಅಂತರ ಮನೆಯೊಳಗೂ ಇದೆ. ಬಸ್ಸಿನಲ್ಲಿ ಕೇಳುವವರು ನಿಂತವರು, ಸರಿಯಬೇಕಾದವರು ಕೂತವರು. ಇದ್ದವರು ಇಲ್ಲದವರಿಗೆ ಗೇಣು ಜಾಗ ಕೊಡುವ ಈ ಮಾತು ಸೌಜನ್ಯದ ಮಾತು. ಹೊಸದಾಗಿ ಗಂಡನ ಮನೆಗೆ ಬಂದ ಹುಡುಗಿಗೆ ‘ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳವ್ವ’ ಎಂದಾಗ ಇದು ತಿರುವುಮುರುವಾಗುತ್ತದೆ. ಇಲ್ಲಿ ಕೂತವರು ನಿಂತವಳಿಗೆ ಹೇಳುತ್ತಾರೆ. ಕೂಲಿ ಕಡಿಮೆಯಾಯಿತೆಂದ ಆಳಿಗೆ, ನಲ್ಲಿಯಲ್ಲಿ ನೀರು ಬರಲಿಲ್ಲವೆಂದ ಓಣಿಯವರಿಗೆ ಸಿಗುವುದೂ ಇದೇ ಉತ್ತರ. ಚುನಾವಣೆಯ ಹೊತ್ತಿಗೆ ಕಿವಿಗೆ ಬೀಳುವ ‘ಅಡ್ಜಸ್ಟ್‌ಮೆಂಟ್ ರಾಜಕೀಯ’ದಲ್ಲಂತೂ ಇಬ್ಬರು ಒಳಗೊಳಗೇ ಹೊಂದಿಕೊಳ್ಳುತ್ತಾರೆ, ಮತ ಹಾಕಿದವನು ಹೊರಗೆ ಉಳಿಯುತ್ತಾನೆ. ಪದ ಅದೇ. ಯಾರು ಯಾರಿಗೆ ಹೇಳಿದರು ಎಂಬುದರ ಮೇಲೆ ಅದು ವಿನಂತಿಯೋ ಅಪ್ಪಣೆಯೋ ಎಂಬುದು ನಿಂತಿದೆ.

ನಿಘಂಟು ಪದದ ಅರ್ಥ ಹೇಳೀತು, ಭಾರ ಯಾರ ಹೆಗಲಿಗೆ ಬಿತ್ತು ಎಂಬುದನ್ನು ಹೇಳದು. ಲ್ಯಾಟಿನ್ನಿನ ಬೇರಿನಲ್ಲಿ ಇದ್ದದ್ದು ಹತ್ತಿರವಾಗುವುದು ಮಾತ್ರ, ನ್ಯಾಯ ಆಮೇಲೆ ತಪ್ಪಿನಿಂದ ಸೇರಿದ್ದು. ಆದರೂ ಆ ತಪ್ಪು ಒಳ್ಳೆಯ ತಪ್ಪು. ಮೂವರ ಸೀಟಿನಲ್ಲಿ ನಾಲ್ವರು ಕೂರುವಾಗ ಎಲ್ಲರೂ ಒಂದೊಂದು ಅಂಗುಲ ಸರಿದರೆ ಪ್ರಯಾಣ ಸುಖಕರ. ಕಿಟಕಿಯ ಪಕ್ಕದವರೊಬ್ಬರೇ ಪ್ರತಿಸಲವೂ ಒತ್ತಿಸಿಕೊಳ್ಳಬೇಕಾದರೆ ಆ ಮಾತಿಗೆ ಬೇರೆ ಹೆಸರು ಹುಡುಕಬೇಕಾಗುತ್ತದೆ.