‘ಲಿಬರ್ಟಿ’ ಪತ್ರಿಕೆ: ಜನ ಅಂದುಕೊಂಡದ್ದು, ನಿಜಕ್ಕೂ ಇದ್ದದ್ದು

ಬೆಂಜಮಿನ್ ಟಕರ್ 1881ರಲ್ಲಿ ಬಾಸ್ಟನ್ನಿನಲ್ಲಿ ‘ಲಿಬರ್ಟಿ’ ಎಂಬ ಸಣ್ಣ ಪತ್ರಿಕೆ ಶುರು ಮಾಡಿದ. ಮುಂದೆ ಅದನ್ನು ನ್ಯೂಯಾರ್ಕಿಗೆ ಒಯ್ದು 1908ರವರೆಗೆ ನಡೆಸಿದ. ವ್ಯಕ್ತಿವಾದಿ ಅರಾಜಕತಾವಾದಿಗಳು ತಮ್ಮ ಮಾತು ಆಡಲು, ಅದಕ್ಕಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಜಗಳ ಕಾಯಲು ಸಿಕ್ಕ ಜಾಗ ಅದು.

ತಪ್ಪು ಕಲ್ಪನೆ: ಇವರು ಬಾಂಬು ಎಸೆಯುವವರು.

ವಾಸ್ತವ: 1886ರ ಶಿಕಾಗೋ ಹೇಮಾರ್ಕೆಟ್ ಬಾಂಬ್ ಪ್ರಕರಣದಲ್ಲಿ ಅರಾಜಕತಾವಾದಿ ಆರೋಪಿಗಳಿಗೆ ಗಲ್ಲು ವಿಧಿಸಿದ್ದನ್ನು ಟಕರ್ ಖಂಡಿಸಿದ, ಬಾಂಬಿನ ದಾರಿಯನ್ನು ಒಪ್ಪಲಿಲ್ಲ. ಮಾತಾಡಲು, ಅಚ್ಚು ಹಾಕಲು ಅವಕಾಶ ಇರುವ ತನಕ ಹಿಂಸೆಗೆ ಸಮರ್ಥನೆ ಇಲ್ಲ ಎಂಬುದು ಅವನ ನಿಲುವು.

ತಪ್ಪು ಕಲ್ಪನೆ: ಹಾಗಾದರೆ ಇದು ಬಂಡವಾಳಗಾರರ ಪತ್ರಿಕೆ.

ವಾಸ್ತವ: ಟಕರ್ ತನ್ನನ್ನು ಸಮಾಜವಾದಿ ಎಂದೇ ಕರೆದುಕೊಳ್ಳುತ್ತಿದ್ದ. ಹಣ, ಭೂಮಿ, ಆಮದು ಸುಂಕ, ಪೇಟೆಂಟ್ ಮತ್ತು ಕೃತಿಸ್ವಾಮ್ಯ: ಸರ್ಕಾರ ಕಾಪಾಡುವ ಈ ನಾಲ್ಕು ಏಕಸ್ವಾಮ್ಯಗಳಿಂದಲೇ ದುಡಿಯುವವನ ಪಾಲು ಬಡ್ಡಿ, ಬಾಡಿಗೆ, ಲಾಭವಾಗಿ ಸೋರಿಹೋಗುತ್ತದೆ ಎಂದು ವಾದಿಸಿದ.

ತಪ್ಪು ಕಲ್ಪನೆ: ಈ ಪತ್ರಿಕೆಯಲ್ಲಿ ಬಂದ ಅಹಂವಾದವೆಂದರೆ ಯಾರನ್ನಾದರೂ ತುಳಿದು ಮೇಲೇರುವುದು. ಇಂಥ ಪತ್ರಿಕೆಯಲ್ಲಿ ಸಂಪಾದಕನದ್ದೊಂದೇ ದನಿ.

ವಾಸ್ತವ: ಜರ್ಮನಿಯ ಮ್ಯಾಕ್ಸ್ ಸ್ಟಿರ್ನರ್ 1844ರಲ್ಲಿ ಹೊರತಂದ ಪುಸ್ತಕ ಅಹಂವಾದದ ಮೂಲ. ದೇವರಾಗಲಿ, ರಾಷ್ಟ್ರವಾಗಲಿ, ‘ಮಾನವತೆ’ಯಾಗಲಿ, ಯಾವುದರ ಹೆಸರಿನಲ್ಲೂ ಮನುಷ್ಯ ತಲೆಬಾಗಬೇಕಿಲ್ಲ ಎಂದ ಆತ, ಜನ ತಮಗೆ ಬೇಕೆನಿಸಿದಾಗ ಸೇರಿ ಬೇಡವೆನಿಸಿದಾಗ ಬಿಡುವ ಕೂಟದ ಬಗ್ಗೆಯೂ ಬರೆದಿದ್ದಾನೆ. 1880ರ ದಶಕದಲ್ಲಿ ಜೇಮ್ಸ್ ವಾಕರ್ ‘ಟಾಕ್ ಕಾಕ್’ ಎಂಬ ಹೆಸರಿನಲ್ಲಿ ಈ ವಾದವನ್ನು ‘ಲಿಬರ್ಟಿ’ಗೆ ತಂದ. ಹುಟ್ಟಿನಿಂದ ಬಂದ ಹಕ್ಕುಗಳನ್ನು ನಂಬಿದ್ದವರು ಸಿಡಿದೆದ್ದರು. ಟಕರ್ ವಾಕರನ ಪಕ್ಷ ವಹಿಸಿದ, ಆದರೆ ಎದುರಾಳಿಗಳ ಮಾತನ್ನೂ ಅಚ್ಚು ಹಾಕಿದ. ಈ ಜಗಳದಲ್ಲಿ ಗರ್ಟ್ರೂಡ್ ಕೆಲ್ಲಿಯಂಥ ಒಳ್ಳೆಯ ಬರಹಗಾರ್ತಿಯೇ ಪತ್ರಿಕೆಯಿಂದ ದೂರವಾದರು. ದೊಡ್ಡ ನಷ್ಟ ಅದು. ಆದರೂ ವಾದವನ್ನು ಮುಚ್ಚಿಡದೆ ಓದುಗರ ಮುಂದೆಯೇ ನಡೆಸಿದ್ದಕ್ಕಾಗಿ ನಾನು ಈ ಪತ್ರಿಕೆಯನ್ನು ಗೌರವಿಸುತ್ತೇನೆ.

ಅಚ್ಚಿನ ಕೆಲಸದ ಮೇಲೂ ಟಕರ್ ಕಣ್ಣಿಟ್ಟಿದ್ದ. ಸಾಲುಗಳ ಬಲತುದಿಯನ್ನು ಸಮ ಮಾಡಲು ಪದಗಳ ನಡುವೆ ಖಾಲಿ ಅಚ್ಚುಮೊಳೆ ತುರುಕುವ ಕೆಲಸವನ್ನೇ ಕೈಬಿಟ್ಟ. ಬಲ ಅಂಚು ಏರುಪೇರಾಯಿತು, ಆದರೆ ಪದಗಳ ನಡುವಿನ ತೆರಪು ಒಂದೇ ಸಮನಾಯಿತು. ಮೊಳೆ ಜೋಡಿಸುವ ಖರ್ಚೂ ಇಳಿಯಿತು.

ತಪ್ಪು ಕಲ್ಪನೆ: ಅಮೆರಿಕದಲ್ಲಿ ಏನು ಬೇಕಾದರೂ ಅಚ್ಚು ಹಾಕಬಹುದಿತ್ತು.

ವಾಸ್ತವ: 1873ರ ಕಾಮ್‌ಸ್ಟಾಕ್ ಕಾಯಿದೆ ‘ಅಶ್ಲೀಲ’ವೆನಿಸಿದ್ದನ್ನು ಅಂಚೆಯಲ್ಲಿ ಕಳಿಸದಂತೆ ತಡೆಯಿತು. ಟಕರನ ಹಿರಿಯ ಒಡನಾಡಿ ಎಜ್ರಾ ಹೇವುಡ್ ಮದುವೆಯ ಕಟ್ಟುಪಾಡನ್ನು ಟೀಕಿಸಿ ಬರೆದ ಕಿರುಪುಸ್ತಕಕ್ಕಾಗಿ 1878ರಲ್ಲಿ ಜೈಲು ಸೇರಿದ. 1882ರಲ್ಲಿ ಬಾಸ್ಟನ್ನಿನ ಸರ್ಕಾರಿ ವಕೀಲರ ಬೆದರಿಕೆಗೆ ವಾಲ್ಟ್ ವಿಟ್ಮನ್‌ನ ಕವನಸಂಕಲನದ ಪ್ರಕಾಶಕರು ಹಿಂದೆ ಸರಿದಾಗ, ಟಕರ್ ಆ ಪುಸ್ತಕವನ್ನು ಮಾರುತ್ತೇನೆಂದು ಪತ್ರಿಕೆಯಲ್ಲೇ ಜಾಹೀರಾತು ಕೊಟ್ಟ. ಅವನ ಮೇಲೆ ಮೊಕದ್ದಮೆ ಬೀಳಲಿಲ್ಲ.

ತಪ್ಪು ಕಲ್ಪನೆ: 1908ರ ಬೆಂಕಿಯೊಂದಿಗೆ ಎಲ್ಲವೂ ಮುಗಿಯಿತು.

ವಾಸ್ತವ: ಆ ವರ್ಷದ ಜನವರಿಯಲ್ಲಿ ವಿಮೆ ಇಲ್ಲದ ಪುಸ್ತಕ ದಾಸ್ತಾನು ಸುಟ್ಟುಹೋದದ್ದು ನಿಜ. ಟಕರ್ ಫ್ರಾನ್ಸಿಗೆ ಹೋಗಿ ನೆಲೆಸಿದ, 1939ರಲ್ಲಿ ಮೊನಾಕೋದಲ್ಲಿ ತೀರಿಕೊಂಡ. ಆದರೆ ಸ್ಟಿರ್ನರನ ಪುಸ್ತಕವನ್ನು ಸ್ಟೀವನ್ ಬೈಯಿಂಗ್ಟನ್ ಕೈಯಲ್ಲಿ ಇಂಗ್ಲಿಷಿಗೆ ತರಿಸಿ 1907ರಲ್ಲೇ ಅವನು ಪ್ರಕಟಿಸಿಯಾಗಿತ್ತು. ಅದೇ ಅನುವಾದ 1963ರಲ್ಲಿ ನ್ಯೂಯಾರ್ಕಿನ ಲಿಬರ್ಟೇರಿಯನ್ ಬುಕ್ ಕ್ಲಬ್ಬಿನಿಂದ ಮರುಮುದ್ರಣವಾಯಿತು. 1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನೇ ಪರಿಷ್ಕರಿಸಿ ವಿದ್ಯಾರ್ಥಿಗಳ ಕೈಗಿಟ್ಟಿತು.