ಸರ್ವರ್ ಪ್ರೊಸೆಸರಿನಲ್ಲಿ ಗೇಮ್ ಏಕೆ ಕುಂಟುತ್ತದೆ

2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಕಂಪನಿ ಸರ್ವರುಗಳಿಗೆಂದು ಝಿಯಾನ್ 7400 ಸರಣಿಯ ಪ್ರೊಸೆಸರುಗಳನ್ನು ಮಾರುಕಟ್ಟೆಗೆ ತಂದಿತು. ‘ಡನ್ನಿಂಗ್ಟನ್’ ಎಂಬ ಒಳಹೆಸರಿನ ಈ ಚಿಪ್ಪಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಒಂದೇ ಚೂರು ಸಿಲಿಕಾನಿನ ಮೇಲೆ ಲೆಕ್ಕ ಮಾಡುವ 6 ಕೋರ್, ಮಾಹಿತಿಯನ್ನು ಕೈಯಳತೆಯಲ್ಲಿ ಇಡುವ 16 ಮೆಗಾಬೈಟ್ ಮೂರನೇ ಹಂತದ ಕ್ಯಾಶ್, ಒಟ್ಟು 190 ಕೋಟಿ ಟ್ರಾನ್ಸಿಸ್ಟರ್. ಕರ್ನಾಟಕದ ನೆಲದಲ್ಲಿ ರೂಪುಗೊಂಡ ದೊಡ್ಡ ಚಿಪ್ಪುಗಳಲ್ಲಿ ಇದಕ್ಕೆ ಮೊದಲ ಸಾಲಿನಲ್ಲೇ ಜಾಗ ಸಿಗಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಕಂಪನಿ ಮನೆಯ ಕಂಪ್ಯೂಟರುಗಳಿಗೆಂದು ಕೋರ್ 2 ಡ್ಯುಯೊ ಇ8600 ಎಂಬ ಚಿಕ್ಕ ಚಿಪ್ಪನ್ನು ಕೊಟ್ಟಿತ್ತು. ಅದರಲ್ಲಿದ್ದದ್ದು ಎರಡೇ ಕೋರ್. ಡನ್ನಿಂಗ್ಟನ್ ಸರಣಿಯ ಮೇಲ್ತುದಿಯ ಎಕ್ಸ್7460ರ ಬೆಲೆ 2,729 ಡಾಲರ್, ಇ8600ರದು 266 ಡಾಲರ್. ಎರಡರ ಒಳಗಿನ ಕೋರುಗಳು ಒಂದೇ ಮನೆತನದವು. ಆದರೂ ಆ ಕಾಲದ ಗೇಮ್ ಆಡಲು ಹತ್ತು ಪಟ್ಟು ದುಬಾರಿಯಾದ ಚಿಪ್ಪಿಗಿಂತ ಅಗ್ಗದ್ದೇ ಮೇಲಾಗಿತ್ತು. ಎಕ್ಸ್7460ರ ಕೋರುಗಳು 2.66 ಗಿಗಾಹರ್ಟ್ಸ್ ವೇಗದಲ್ಲಿ ಓಡಿದರೆ ಇ8600ರವು 3.33ರಲ್ಲಿ ಓಡುತ್ತಿದ್ದವು. ಆಗಿನ ಹೆಚ್ಚಿನ ಗೇಮುಗಳಿಗೆ ಬೇಕಾಗಿದ್ದದ್ದು ಒಂದೋ ಎರಡೋ ಕೋರ್. ಉಳಿದ ನಾಲ್ಕಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಅಂದಿನಿಂದ ಇಂದಿನವರೆಗೆ ಅಂಕಿಗಳು ಎಷ್ಟೋ ಬೆಳೆದಿವೆ. ಈ ವ್ಯತ್ಯಾಸದ ಕಾರಣ ಮಾತ್ರ ಬದಲಾಗಿಲ್ಲ. ಅದು ಗೇಮ್ ಎಂಬ ಪ್ರೋಗ್ರಾಮಿನ ಸ್ವಭಾವದಲ್ಲೇ ಇದೆ.

ಪರದೆಯ ಮೇಲೆ ಕಾಣುವ ಚಲನೆ ಎಂದರೆ ಒಂದರ ಹಿಂದೊಂದು ಬರುವ ಸ್ಥಿರ ಚಿತ್ರಗಳ ಸಾಲು. ಅಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಎನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಬೇಕೆಂದರೆ 6.9 ಮಿಲಿಸೆಕೆಂಡ್ ಮಾತ್ರ. ಇಷ್ಟರೊಳಗೆ ಪ್ರೊಸೆಸರ್ ಮೊದಲು ಆಟಗಾರ ಒತ್ತಿದ ಕೀಲಿಯನ್ನು ಓದಬೇಕು, ಅದರಂತೆ ಪಾತ್ರವನ್ನು ಸರಿಸಬೇಕು, ಸರಿಸಿದ ಮೇಲೆ ಗೋಡೆಗೆ ತಾಗಿತೇ ಎಂದು ನೋಡಬೇಕು, ಗುಂಡು ಯಾರಿಗೆ ಬಿತ್ತೆಂದು ತೀರ್ಮಾನಿಸಬೇಕು. ಕೊನೆಗೆ ಏನೇನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿನ ಕೈಗಿಡಬೇಕು. ಇಲ್ಲಿ ಒಂದು ಹೆಜ್ಜೆಯ ಉತ್ತರ ಬಾರದೆ ಮುಂದಿನ ಹೆಜ್ಜೆ ಏಳುವುದಿಲ್ಲ. ಪಾತ್ರ ಎಲ್ಲಿ ನಿಂತಿದೆ ಎಂಬುದೇ ತಿಳಿಯದೆ ಅದಕ್ಕೆ ಗುಂಡು ತಾಗಿತೇ ಎಂದು ಹೇಳಲಾಗದು. ಧ್ವನಿ, ಹೊಗೆ, ಎಲೆಗಳ ಅಲುಗಾಟ, ದೂರದ ಶತ್ರುಗಳ ನಡಿಗೆ ಇಂಥ ಕೆಲವು ಕೆಲಸಗಳನ್ನು ಬೇರೆ ಕೋರುಗಳಿಗೆ ಹಂಚಬಹುದು. ಬೆನ್ನೆಲುಬಿನಂಥ ಮುಖ್ಯ ಸರಪಳಿ ಒಂದೇ ಕೋರಿನ ಮೇಲೆ ಉಳಿಯುತ್ತದೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಇದೇ ಲೆಕ್ಕ ಕಣ್ಣಿಗೆ ಕಾಣುತ್ತದೆ. ನಾಟಿಗೆ 8 ಆಳುಗಳ ಬದಲು 24 ಆಳು ಬಂದರೆ ಮೂರು ದಿನದ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ಸಸಿಮಡಿಯಲ್ಲಿ ಪೈರು ಬೆಳೆಯಲು ಬೇಕಾದ ಮೂರು ನಾಲ್ಕು ವಾರ, ಬದುವಿನ ಮೇಲೆ ನೂರು ಆಳು ಕೂತರೂ ಒಂದು ದಿನವೂ ತಗ್ಗುವುದಿಲ್ಲ.

ಗೇಮಿನಲ್ಲಿ ಇದು ಎಷ್ಟು ದೊಡ್ಡ ಪೆಟ್ಟು ಕೊಡುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಹಾಕಬಹುದು. 5 ಗಿಗಾಹರ್ಟ್ಸ್ ವೇಗದ ಒಂದೇ ಕೋರಿನಲ್ಲಿ ಒಂದು ಫ್ರೇಮಿನ ಕೆಲಸ 10 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 6 ಮಿಲಿಸೆಕೆಂಡ್ ಹಂಚಲಾಗದ ಕೆಲಸ, 4 ಹಂಚಬಹುದಾದದ್ದು. ಅದೇ ವೇಗದ 8 ಕೋರ್ ಇರುವ ಡೆಸ್ಕ್‌ಟಾಪ್ ಚಿಪ್ಪಿನಲ್ಲಿ ಆ 4 ಮಿಲಿಸೆಕೆಂಡ್ ಅರ್ಧ ಮಿಲಿಸೆಕೆಂಡಿಗೆ ಇಳಿದು, ಒಟ್ಟು 6.5 ಆಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 154 ಫ್ರೇಮ್. ಈಗ 3.3 ಗಿಗಾಹರ್ಟ್ಸ್ ವೇಗದ 24 ಕೋರುಗಳ ಸರ್ವರ್ ಚಿಪ್ಪನ್ನು ತೆಗೆದುಕೊಳ್ಳಿ. ಹಂಚಬಹುದಾದ ಭಾಗ ಕಾಲು ಮಿಲಿಸೆಕೆಂಡಿನಲ್ಲೇ ಮುಗಿಯುತ್ತದೆ. ಹಂಚಲಾಗದ ಭಾಗ ಮಾತ್ರ 6ರಿಂದ 9.1 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಒಟ್ಟು 9.3; ಸೆಕೆಂಡಿಗೆ 107 ಫ್ರೇಮ್. ಕೋರು ಮೂರು ಪಟ್ಟಾಯಿತು, ಆಟ ಸುಮಾರು ಶೇಕಡಾ 30ರಷ್ಟು ನಿಧಾನವಾಯಿತು. ಹಂಚಲಾಗದ ಕೆಲಸವೇ ವೇಗದ ಮಿತಿ ಎಂಬ ಈ ಮಾತನ್ನು ಜೀನ್ ಅಮ್ಡಾಲ್ ಎಂಬ ಕಂಪ್ಯೂಟರ್ ವಿನ್ಯಾಸಕ 1967ರಲ್ಲೇ ಹೇಳಿದ್ದ. ಇಂದಿಗೂ ಅದಕ್ಕೆ ಅವನದೇ ಹೆಸರು.

ಹಾಗಾದರೆ ಸರ್ವರ್ ಚಿಪ್ಪಿನ ಕೋರುಗಳನ್ನೂ 5 ಗಿಗಾಹರ್ಟ್ಸ್‌ಗೆ ಏರಿಸಬಾರದೇ? ಅಡ್ಡ ಬರುವುದು ವಿದ್ಯುತ್ತು. ಕೋರಿನ ವೇಗ ಹೆಚ್ಚಿಸಲು ಅದಕ್ಕೆ ಕೊಡುವ ವೋಲ್ಟೇಜನ್ನೂ ಹೆಚ್ಚಿಸಬೇಕು, ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೊನೆಯ ಒಂದು ಗಿಗಾಹರ್ಟ್ಸ್ ಎಲ್ಲಕ್ಕಿಂತ ದುಬಾರಿ. 2022ರ ನವೆಂಬರಿನಲ್ಲಿ ಬಂದ ಎಎಂಡಿ ಕಂಪನಿಯ ಎಪಿಕ್ 9654 ಎಂಬ ಸರ್ವರ್ ಚಿಪ್ಪಿನಲ್ಲಿ 96 ಕೋರುಗಳಿವೆ, ಅದರ ವಿದ್ಯುತ್ ಮಿತಿ 360 ವ್ಯಾಟ್. ಕೋರೊಂದಕ್ಕೆ ಸರಾಸರಿ 4 ವ್ಯಾಟ್ ಕೂಡ ಬೀಳುವುದಿಲ್ಲ. ಅದೇ ಕಂಪನಿಯ ರೈಜನ್ 7 7800ಎಕ್ಸ್3ಡಿಯಲ್ಲಿ 8 ಕೋರುಗಳಿಗೆ 120 ವ್ಯಾಟ್; ಕೋರೊಂದಕ್ಕೆ 15. ಮೊದಲನೆಯದು ಎಷ್ಟೇ ಮೇಲೆ ಹೋದರೂ 3.7 ಗಿಗಾಹರ್ಟ್ಸ್, ಎರಡನೆಯದು 5. ಡೇಟಾ ಸೆಂಟರಿನಲ್ಲಿ ಒಂದೇ ಹೊತ್ತಿಗೆ ಸಾವಿರಾರು ಜನರ ಕೋರಿಕೆಗಳು ಬಂದು ಬೀಳುತ್ತವೆ. ಬ್ಯಾಂಕಿನ ಲೆಕ್ಕ, ರೈಲು ಟಿಕೆಟ್, ವಿಡಿಯೊ ಎಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳು. ಅಲ್ಲಿ ಒಬ್ಬರ ಕೆಲಸ ಎಷ್ಟು ಬೇಗ ಮುಗಿಯಿತು ಎನ್ನುವುದಕ್ಕಿಂತ ಒಂದು ವ್ಯಾಟಿಗೆ ಎಷ್ಟು ಜನರ ಕೆಲಸ ಮುಗಿಯಿತು ಎನ್ನುವುದು ಮುಖ್ಯ. ಹಾಗಾಗಿ ಸರ್ವರ್ ಚಿಪ್ಪಿನ ಕಡಿಮೆ ವೇಗವನ್ನು ವಿನ್ಯಾಸಕರ ಸೋಲೆಂದು ಎಣಿಸುವುದು ತಪ್ಪು. ಅದನ್ನು ತಿಳಿದೇ ಆರಿಸಲಾಗಿದೆ.

ವೇಗದ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಎಷ್ಟೋ ಸಲ ಕೋರು ಕೆಲಸ ಮಾಡುವುದಕ್ಕಿಂತ ಕಾಯುವುದೇ ಹೆಚ್ಚು. 5 ಗಿಗಾಹರ್ಟ್ಸ್ ಕೋರಿನ ಒಂದು ಬಡಿತ 0.2 ನ್ಯಾನೊಸೆಕೆಂಡ್. ಬೇಕಾದ ಮಾಹಿತಿ ರ್‍ಯಾಮಿನಲ್ಲಿದ್ದರೆ ಅದು ಬರಲು ಸುಮಾರು 80 ನ್ಯಾನೊಸೆಕೆಂಡ್ ಬೇಕು, ಅಂದರೆ 400 ಬಡಿತ. ಅದೇ ಮಾಹಿತಿ ಚಿಪ್ಪಿನೊಳಗಿನ ಮೂರನೇ ಹಂತದ ಕ್ಯಾಶಿನಲ್ಲಿ ಸಿಕ್ಕರೆ ಸುಮಾರು 10 ನ್ಯಾನೊಸೆಕೆಂಡ್ ಸಾಕು. ಗೇಮಿನ ಮಾಹಿತಿ ಇಲ್ಲೊಂದು ಅಲ್ಲೊಂದು ಚದುರಿಕೊಂಡಿರುವುದರಿಂದ ಕಾಯುವ ಸರದಿ ಪದೇ ಪದೇ ಬರುತ್ತದೆ. ಸರ್ವರ್ ಚಿಪ್ಪಿನಲ್ಲಿ ಹತ್ತಾರು ಕೋರುಗಳನ್ನು ಜಾಲದಂತೆ ಹೆಣೆದಿರುತ್ತಾರೆ; ಆ ಜಾಲ ದಾಟಿ ಮಾಹಿತಿ ಬರುವಾಗ ದಾರಿ ಉದ್ದ. ಅದರಲ್ಲಿ ಬಳಸುವ, ತಪ್ಪನ್ನು ತಾನೇ ತಿದ್ದಿಕೊಳ್ಳುವ ರಿಜಿಸ್ಟರ್ಡ್ ರ್‍ಯಾಮ್ ಇನ್ನೊಂದಿಷ್ಟು ಸಮಯ ಸೇರಿಸುತ್ತದೆ. ಒಂದೇ ಬೋರ್ಡಿನಲ್ಲಿ ಎರಡು ಪ್ರೊಸೆಸರ್ ಕೂರಿಸಿದ್ದರೆ ಗೇಮಿಗೆ ಅದು ನಿಜಕ್ಕೂ ಹಾನಿ. ಒಂದು ಪ್ರೊಸೆಸರಿಗೆ ಬೇಕಾದ ಮಾಹಿತಿ ಇನ್ನೊಂದರ ರ್‍ಯಾಮಿನಲ್ಲಿದ್ದರೆ ಎರಡರ ನಡುವಿನ ಕೊಂಡಿ ದಾಟಿ ತರಬೇಕು. ಸೆಕೆಂಡಿಗೆ ಬರುವ ಸರಾಸರಿ ಫ್ರೇಮುಗಳ ಸಂಖ್ಯೆ ಅಷ್ಟೇನೂ ಕುಸಿಯದಿದ್ದರೂ ನಡುನಡುವೆ ಒಂದೊಂದು ಫ್ರೇಮ್ ತಡವಾಗಿ ಬಂದು ಚಿತ್ರ ಜರ್ಕ್ ಹೊಡೆಯುತ್ತದೆ. ಆಡುವವರು ಸ್ಟಟರ್ ಎಂದು ಬೈಯುವುದು ಇದನ್ನೇ.

ಕ್ಯಾಶಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ಸರ್ವರ್ ಲೋಕದಿಂದಲೇ ಬಂದ ಒಂದು ತಂತ್ರ ತೋರಿಸಿಕೊಟ್ಟಿತು. ಪ್ರೊಸೆಸರಿನ ನೆತ್ತಿಯ ಮೇಲೆ ಇನ್ನೊಂದು ಪದರ ಕ್ಯಾಶನ್ನು ಅಂಟಿಸುವ ವಿಧಾನವನ್ನು ಎಎಂಡಿ 2022ರ ಮಾರ್ಚಿನಲ್ಲಿ ತನ್ನ ಎಪಿಕ್ ಸರ್ವರ್ ಚಿಪ್ಪುಗಳಲ್ಲಿ ತಂದಿತು, ಏಪ್ರಿಲಿನಲ್ಲಿ ರೈಜನ್ 7 5800ಎಕ್ಸ್3ಡಿ ಎಂಬ ಡೆಸ್ಕ್‌ಟಾಪ್ ಚಿಪ್ಪಿನಲ್ಲೂ ಕೊಟ್ಟಿತು. ಇದ್ದ 32 ಮೆಗಾಬೈಟಿನ ಮೇಲೆ 64 ಕೂಡಿ 96 ಆಯಿತು. ಇದಕ್ಕಿಂತ ಹಿಂದಿನ 5800ಎಕ್ಸ್ 4.7 ಗಿಗಾಹರ್ಟ್ಸ್ ಮುಟ್ಟುತ್ತಿತ್ತು, ಹೊಸದು 4.5ಕ್ಕೇ ನಿಲ್ಲುತ್ತಿತ್ತು. ಆದರೂ ಬಹಳಷ್ಟು ಗೇಮುಗಳಲ್ಲಿ ಹೊಸದೇ ಮುಂದೆ ಹೋಯಿತು. ರ್‍ಯಾಮಿನ ಬಾಗಿಲು ತಟ್ಟಿ ಕಾಯುವ ಸರದಿ ಕಡಿಮೆಯಾದದ್ದೇ ಕಾರಣ. ಇದನ್ನು ನೋಡಿ, ಎಪಿಕ್ 9654ರಲ್ಲಿ 384 ಮೆಗಾಬೈಟ್ ಕ್ಯಾಶ್ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು 12 ತುಂಡುಗಳಾಗಿ ಹಂಚಿಹೋಗಿದೆ. ಒಂದು ಕೋರು ಸಲೀಸಾಗಿ ಬಳಸುವುದು ತನ್ನ ತುಂಡಿನ 32 ಮೆಗಾಬೈಟನ್ನು ಮಾತ್ರ.

ಬಳ್ಳಾರಿಯಂಥ ಊರಿನಲ್ಲಿ ಈ ಪ್ರಶ್ನೆ ಎದುರಾಗುವುದು 96 ಕೋರುಗಳ ಹೊಸ ಚಿಪ್ಪಿನ ರೂಪದಲ್ಲಲ್ಲ, ಸೆಕೆಂಡ್ ಹ್ಯಾಂಡ್ ಝಿಯಾನಿನ ರೂಪದಲ್ಲಿ. ದೊಡ್ಡ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಸರ್ವರುಗಳನ್ನು ಬದಲಾಯಿಸಿದಾಗ ಹಳೆಯ ಚಿಪ್ಪುಗಳು ರಾಶಿಗಟ್ಟಲೆ ಹೊರಬೀಳುತ್ತವೆ. 2012ರಲ್ಲಿ 1,552 ಡಾಲರ್ ಬೆಲೆಯಿದ್ದ 8 ಕೋರುಗಳ ಝಿಯಾನ್ ಇ5-2670, 2016ರ ಹೊತ್ತಿಗೆ 70 ಡಾಲರಿನ ಆಸುಪಾಸಿಗೆ ಇಳಿದಿತ್ತು. ಅದರ ನಂತರದ ಇ5-2680 ವಿ4 ಕೂಡ ಇದೇ ದಾರಿ ಹಿಡಿಯಿತು: 14 ಕೋರ್, 35 ಮೆಗಾಬೈಟ್ ಕ್ಯಾಶ್. ಇದನ್ನು ಚೀನಾದ ಅಗ್ಗದ ಬೋರ್ಡಿನ ಜೊತೆ ಕಟ್ಟಿ ಮಾರುತ್ತಾರೆ. ಕಾಗದದ ಮೇಲೆ ಇದರ ಮುಂದೆ 6 ಕೋರುಗಳ ಇಂಟೆಲ್ ಐ5-12400ಎಫ್ ಬಡವನಂತೆ ಕಾಣುತ್ತದೆ. ಗೇಮ್ ಶುರುವಾದ ಮೇಲೆ ಕಥೆ ತಿರುಗಿಬೀಳುತ್ತದೆ. ಐ5ರ ಕೋರು 4.4 ಗಿಗಾಹರ್ಟ್ಸ್ ಓಡಿದರೆ ಝಿಯಾನಿನದು ಹೆಚ್ಚೆಂದರೆ 3.3. ಒಂದು ಬಡಿತಕ್ಕೆ ಹಳೆಯ ಕೋರು 4 ಆದೇಶಗಳನ್ನು ಬಿಡಿಸಿಕೊಂಡರೆ ಹೊಸದು 6 ಬಿಡಿಸಿಕೊಳ್ಳುತ್ತದೆ. ಮುಂದಿನ ಕೆಲಸವನ್ನು ಹುಡುಕಲು ಹಳೆಯದು 192 ಆದೇಶಗಳ ಸಾಲನ್ನು ನೋಡುತ್ತಿದ್ದರೆ ಹೊಸದು 512ರ ಸಾಲನ್ನು ನೋಡುತ್ತದೆ. ಅಂದರೆ ಗಿಗಾಹರ್ಟ್ಸ್ ಸಮವಿದ್ದರೂ ಹೊಸ ಕೋರೇ ಮುಂದು.

ಬಳ್ಳಾರಿಯ ಕಂಟೋನ್ಮೆಂಟ್ ಬಡಾವಣೆಯ ಬಿಸಿಲನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಸರ್ವರ್ ಚಿಪ್ಪು ಹುಟ್ಟಿದ್ದು ಎಸಿ ಕೋಣೆಗೆ, ಕಿವಿ ಕಿವುಡಾಗುವಂತೆ ತಿರುಗುವ ಫ್ಯಾನುಗಳ ನಡುವೆ ಬದುಕಲು. ಫ್ಯಾನು ಮತ್ತು ಹೀಟ್‌ಸಿಂಕ್ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರವು. ಗಾಳಿಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸಬೇಕೆಂಬುದಷ್ಟೇ ಅವುಗಳ ಕೈಯಲ್ಲಿದೆ. 120 ವ್ಯಾಟ್ ಖರ್ಚಾಗುವಾಗ ಸಾಧಾರಣ ಹೀಟ್‌ಸಿಂಕ್ ಚಿಪ್ಪನ್ನು ಗಾಳಿಗಿಂತ 42 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದುಕೊಂಡರೆ, 24 ಡಿಗ್ರಿಯ ಎಸಿ ಕೋಣೆಯಲ್ಲಿ ಅದು 66 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಕಾದ ಮೇಲ್ಮಹಡಿಯ ಕೋಣೆಯಲ್ಲಿ 82. ಇದರ ಮೇಲೆ ಅದಿರು ಲಾರಿಗಳು ಓಡಾಡುವ ಜಿಲ್ಲೆಯ ದೂಳು. ಒಂದು ಬೇಸಿಗೆ ಕಳೆದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಬಿಚ್ಚಿದರೆ ಹೀಟ್‌ಸಿಂಕಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಕೆಂಪು ದೂಳು ಕೂದಲಿನ ಎಳೆಗಳೊಡನೆ ಹೆಪ್ಪುಗಟ್ಟಿ, ಕಂಬಳಿಯಂತೆ ಕೂತಿರುತ್ತದೆ. ಅದರ ಕೆಳಗೆ ಬೆಣ್ಣೆಯಂತಿದ್ದ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿರುತ್ತದೆ. ಗಾಳಿ ಆಡದೆ ಚಿಪ್ಪು ಮಿತಿ ಮುಟ್ಟಿದೊಡನೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಕುಂಚದಿಂದ ದೂಳು ತೆಗೆದು ಪೇಸ್ಟ್ ಬದಲಿಸಿದರೆ ಕಳೆದ ವೇಗ ಮರಳುತ್ತದೆ. ಡೆಸ್ಕ್‌ಟಾಪ್ ಚಿಪ್ಪಿಗೂ ಈ ಕಷ್ಟ ತಪ್ಪಿದ್ದಲ್ಲ, ಆದರೆ 65 ವ್ಯಾಟಿನ ವರ್ಗದ ಚಿಪ್ಪಿಗೆ ಬಿಸಿಲಿನ ಎದುರು ಹೆಚ್ಚು ಆಸರೆ ಇರುತ್ತದೆ. ಕರೆಂಟ್ ಹೋದಾಗ ಮನೆಯ ಚಿಕ್ಕ ಯುಪಿಎಸ್ ಹೊರಬೇಕಾದ ಭಾರವೂ ಹಗುರ.

ಇಷ್ಟು ಹೇಳಿದ ಮೇಲೂ ಝಿಯಾನ್ ಎಂಬ ಹೆಸರು ಕಂಡೊಡನೆ ತಳ್ಳಿಹಾಕುವುದು ನ್ಯಾಯವಲ್ಲ. 2014ರ ಝಿಯಾನ್ ಇ3-1231 ವಿ3ಯಲ್ಲಿ 4 ಕೋರ್, 8 ಥ್ರೆಡ್, 3.8 ಗಿಗಾಹರ್ಟ್ಸ್ ವೇಗ. ಒಳಗಿದ್ದದ್ದು ಇಂಟೆಲಿನ ದುಬಾರಿ ಡೆಸ್ಕ್‌ಟಾಪ್ ಚಿಪ್ಪಾದ ಐ7ರದೇ ಕೋರು, ಚಿಪ್ಪಿನೊಳಗಿನ ಗ್ರಾಫಿಕ್ಸ್ ಮಾತ್ರ ಇರಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಳ್ಳುವ ಗೇಮರುಗಳಿಗೆ ಅದು ಅಗ್ಗದಲ್ಲಿ ಸಿಕ್ಕ ಐ7 ಆಗಿತ್ತು. ಮುಂದಿನ ಪೀಳಿಗೆಗಳಲ್ಲಿ ಇಂಟೆಲ್ ಈ ಬಾಗಿಲು ಮುಚ್ಚಿ, ಇ3 ಚಿಪ್ಪುಗಳಿಗೆ ಸರ್ವರ್ ಚಿಪ್‌ಸೆಟ್ಟಿನ ಬೋರ್ಡೇ ಬೇಕು ಎಂದಿತು. 2024ರ ಮೇ ತಿಂಗಳಲ್ಲಿ ಬಂದ ಎಎಂಡಿಯ ಎಪಿಕ್ 4004 ಸರಣಿಯಂತೂ ರೈಜನ್ ಚಿಪ್ಪುಗಳ ಒಡಹುಟ್ಟು. ಕೂರುವ ಸಾಕೆಟ್ಟೂ ಅದೇ. ಚಿಪ್ಪಿನ ಬೆನ್ನಿಗೆ ಬರೆದ ಹೆಸರಿಗಿಂತ ಒಂದು ಕೋರಿನ ವೇಗ, ಆ ಕೋರಿಗೆ ಸಿಗುವ ಕ್ಯಾಶ್, ರ್‍ಯಾಮಿಗಿರುವ ದೂರ ಈ ಮೂರನ್ನು ನೋಡಿ ಕೊಂಡವರು ಮೋಸಹೋಗುವುದು ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಹಳೆಯದಾಗಿದ್ದರೆ ಅಥವಾ 4ಕೆ ಪರದೆಯಲ್ಲಿ ಆಡುವುದಾದರೆ ಈ ವ್ಯತ್ಯಾಸವೇ ಕಣ್ಣಿಗೆ ಬೀಳದೆ ಹೋಗಬಹುದು. ಆಗ ಫ್ರೇಮ್ ತಡವಾಗುವುದು ಕಾರ್ಡಿನಿಂದ, ಪ್ರೊಸೆಸರ್ ಅದರ ದಾರಿ ಕಾಯುತ್ತಿರುತ್ತದೆ.

ಹಳೆಯ ಝಿಯಾನಿಗೆ ಈಚೆಗೆ ಇನ್ನೊಂದು ತೊಡಕು ಕೂಡಿಕೊಂಡಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇ5 ಸರಣಿಗೆ ಜಾಗವಿಲ್ಲ. ವ್ಯಾಲರಂಟಿನಂಥ ಗೇಮ್ ವಿಂಡೋಸ್ 11ರಲ್ಲಿ ನಡೆಯಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಸೆಕ್ಯೂರ್ ಬೂಟನ್ನೂ ಕೇಳುತ್ತದೆ. ಅಗ್ಗದ ಬೋರ್ಡಿನಲ್ಲಿ ಇವೆರಡೂ ಇರುತ್ತವೆಂಬ ಭರವಸೆಯಿಲ್ಲ.

ಸರ್ವರ್ ಪ್ರೊಸೆಸರಿಗೆ ಗೇಮಿನಲ್ಲಿ ತನ್ನದೇ ಜಾಗ ಇರುವುದು ತಂತಿಯ ಇನ್ನೊಂದು ತುದಿಯಲ್ಲಿ. ವ್ಯಾಲರಂಟಿನ ಒಂದು ಪಂದ್ಯದಲ್ಲಿ ಹತ್ತು ಜನರ ಚಲನೆಯನ್ನು ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ. ಒಂದೊಂದು ಸುತ್ತಿಗೆ 7.8 ಮಿಲಿಸೆಕೆಂಡ್. ಅಲ್ಲಿ ಚಿತ್ರ ಬಿಡಿಸುವ ಕೆಲಸವಿಲ್ಲ. ಪಂದ್ಯಕ್ಕೂ ಪಂದ್ಯಕ್ಕೂ ಸಂಬಂಧವಿಲ್ಲದ ಕಾರಣ ನೂರಾರು ಪಂದ್ಯಗಳನ್ನು ಹತ್ತಾರು ಕೋರುಗಳಿಗೆ ಹಂಚಬಹುದು. ಡೆಸ್ಕ್‌ಟಾಪಿನಲ್ಲಿ ಕೈಕಟ್ಟಿ ಕೂತ ಆ ಹೆಚ್ಚಿನ ಕೋರುಗಳು ಇಲ್ಲಿ ಒಂದೂ ಬಿಡುವಿಲ್ಲದೆ ದುಡಿಯುತ್ತವೆ. ಭಾರತದ ಆಟಗಾರರಿಗಾಗಿ ಈ ಗೇಮಿನ ಸರ್ವರುಗಳು ಮುಂಬೈಯಲ್ಲಿವೆ. ಬಳ್ಳಾರಿಯಿಂದ ಅಲ್ಲಿಗೆ ನೇರ ದೂರ ಸುಮಾರು 600 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ 2 ಲಕ್ಷ ಕಿಲೋಮೀಟರ್ ಓಡುವುದರಿಂದ, ಕೇಬಲ್ ಎಷ್ಟೇ ನೇರವಾಗಿದ್ದರೂ ಹೋಗಲು 3, ಬರಲು 3 ಮಿಲಿಸೆಕೆಂಡ್ ಬೇಕೇ ಬೇಕು. ಕಂಟೋನ್ಮೆಂಟಿನ ಕೋಣೆಯಲ್ಲಿ ಒತ್ತಿದ ಮೌಸಿನ ಸುದ್ದಿ ಮುಂಬೈ ಮುಟ್ಟಿ, ಅಲ್ಲಿನ ಒಂದು ಕೋರು ಗುಂಡು ತಾಗಿತೆಂದು ತೀರ್ಪು ಕೊಟ್ಟು, ಆ ತೀರ್ಪು ಮರಳಿ ಬಂದು, ಮನೆಯ ಡೆಸ್ಕ್‌ಟಾಪಿನ ಒಂದು ಕೋರು ಅದನ್ನು ಮುಂದಿನ ಫ್ರೇಮಿಗೆ ಸೇರಿಸಿದ ಮೇಲೆ ಎದುರಾಳಿ ನೆಲಕ್ಕೆ ಬೀಳುತ್ತಾನೆ.